ಜೇನು ಸಕ್ಕರೆಗಟ್ಟಿದರೆ ಕಲಬೆರಕೆಯೇ?

ಪ್ರಶ್ನೆ: ನಮ್ಮ ತೋಟದ ಪೆಟ್ಟಿಗೆಯಿಂದ ಏಪ್ರಿಲ್‌ನಲ್ಲಿ ತೆಗೆದ ತುಡುವೆ ಜೇನು ಮಳೆಗಾಲ ಪೂರ್ತಿ ಚೆನ್ನಾಗಿತ್ತು. ಈಗ ಚಳಿಗೆ ಒಂದು ಬಾಟಲಿಯ ತಳದಲ್ಲಿ ಬಿಳಿ ಹರಳು ಕಟ್ಟಿದೆ. ಪಕ್ಕದ ಬಾಟಲಿ ಹಾಗೇ ಇದೆ. ಶುದ್ಧ ಜೇನು ಗಟ್ಟಿಯಾಗೋದೇ ಇಲ್ಲ ಅಂತಾರೆ ನೆಂಟರು. ನಿಜವೇ? ತೆಂಗಿನೆಣ್ಣೆಯಾದರೆ ಎಲ್ಲ ಬಾಟಲಿಯಲ್ಲೂ ಗಟ್ಟಿಯಾಗಿದೆ!
– ಓದುಗರು, ನಾಪೋಕ್ಲು

ಉತ್ತರ: ನೆಂಟರ ಮಾತು ತಪ್ಪು. ಶುದ್ಧ ಜೇನೂ ಹರಳುಗಟ್ಟುತ್ತದೆ, ಸಕ್ಕರೆ ಪಾಕವೂ ಹರಳುಗಟ್ಟಬಹುದು. ಹಾಗಾಗಿ ಬರೀ ಕಣ್ಣಲ್ಲಿ ನೋಡಿ ಕಲಬೆರಕೆ ಅನ್ನುವ ಹಾಗಿಲ್ಲ. ಮನೆಯ ಒಳ್ಳೆಯ ಜೇನನ್ನು ಈ ಒಂದು ಕಾರಣಕ್ಕೆ ಚೆಲ್ಲುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಜೇನಿನಲ್ಲಿ ನೂರಕ್ಕೆ ಸುಮಾರು 80 ಭಾಗ ಸಕ್ಕರೆಯೇ, ಮುಖ್ಯವಾಗಿ ಗ್ಲೂಕೋಸ್ ಮತ್ತು ಫ್ರಕ್ಟೋಸ್. ಉಳಿದಿರುವ ಸ್ವಲ್ಪ ನೀರಿಗೆ ಅಷ್ಟು ಗ್ಲೂಕೋಸನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇಲ್ಲ, ಆದರೂ ಅದು ಕರಗಿಯೇ ಇರುತ್ತದೆ, ಯಾಕಂದ್ರೆ ಹರಳು ಶುರುವಾಗಲು ಒಂದು ಬೀಜ ಬೇಕು. ಕಣಗಳು ಆಗಾಗ ಒಂದಕ್ಕೊಂದು ಅಂಟಿ ಗುಂಪು ಕಟ್ಟುತ್ತವೆ. ತೀರಾ ಚಿಕ್ಕ ಗುಂಪು ಉಳಿಯುವುದಿಲ್ಲ, ಮತ್ತೆ ಚದುರಿಹೋಗುತ್ತದೆ. ಒಂದು ಅಳತೆ ದಾಟಿದ ಗುಂಪು ಮಾತ್ರ ಬೆಳೆಯುತ್ತಾ ಹೋಗುತ್ತದೆ. ಪರಾಗದ ಕಣ, ಮೇಣದ ಚೂರು, ಗಾಳಿಗುಳ್ಳೆ, ಸರಿಯಾಗಿ ತೊಳೆಯದ ಬಾಟಲಿಯಲ್ಲಿ ಉಳಿದ ಹಳೇ ಹರಳು, ಇವುಗಳಲ್ಲಿ ಯಾವುದಿದ್ದರೂ ಆ ಕೆಲಸ ಸುಲಭ. ನಿಮ್ಮ ಒಂದು ಬಾಟಲಿಯಲ್ಲಿ ಇಂಥದ್ದೇನೋ ಇತ್ತು, ಇನ್ನೊಂದರಲ್ಲಿ ಇರಲಿಲ್ಲ, ಅಷ್ಟೇ ಇರಬೇಕು.

ಇನ್ನು ಚಳಿ. ಜೇನು ಬೇಗ ಹರಳುಗಟ್ಟುವುದು ಸುಮಾರು 14 ಡಿಗ್ರಿಯಲ್ಲಿ. ನಮ್ಮ ಕೊಡಗಿನ ಡಿಸೆಂಬರ್, ಜನವರಿ ರಾತ್ರಿಗಳು ಅದಕ್ಕೆ ಹೇಳಿ ಮಾಡಿಸಿದ ಹಾಗಿವೆ, ಅಲ್ವಾ? ಎಲ್ಟನ್ ಡೈಸ್ ಎಂಬುವರು ಇದೇ ಬಿಸಿಮಟ್ಟದಲ್ಲಿ ಜೇನಿಗೆ ಬೇಕಂತಲೇ ಸಣ್ಣ ಹರಳು ಬೆರೆಸಿ, ಬೆಣ್ಣೆಯಂಥ ಗಟ್ಟಿ ಜೇನು ಮಾಡುವ ವಿಧಾನಕ್ಕೆ 1935ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಚಳಿ ಜಾಸ್ತಿಯಾದಷ್ಟೂ ಹರಳು ಜಾಸ್ತಿ ಅಂದುಕೊಳ್ಳಬೇಡಿ. ಫ್ರೀಜರ್‌ನಲ್ಲಿ ಜೇನು ಎಷ್ಟು ಮಂದವಾಗುತ್ತದೆ ಅಂದ್ರೆ ಗ್ಲೂಕೋಸ್ ಕಣಗಳು ಸರಿದಾಡಿ ಒಟ್ಟು ಸೇರಲಿಕ್ಕೇ ಆಗುವುದಿಲ್ಲ.

ತೆಂಗಿನೆಣ್ಣೆ ಕರಗುವುದು ಸುಮಾರು 24 ಡಿಗ್ರಿಗೆ. ನಿಮ್ಮ ಕಪಾಟು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ, ಎಣ್ಣೆ ಜೇನಿನಷ್ಟು ಮಂದವೂ ಅಲ್ಲ. ಬೀಜ ಸುಲಭವಾಗಿ ಹುಟ್ಟುತ್ತದೆ, ಅದಕ್ಕೇ ಯಾವ ಬಾಟಲಿಯೂ ತಪ್ಪಿಸಿಕೊಳ್ಳುವುದಿಲ್ಲ.

ಜೇನು ಕರಗಬೇಕಿದ್ದರೆ ಬಾಟಲಿಯನ್ನು 40 ಡಿಗ್ರಿ ಆಸುಪಾಸಿನ ಬಿಸಿನೀರಲ್ಲಿ ಇಡಿ. ಒಲೆಯ ಮೇಲೆ ಕುದಿಸಲೇಬೇಡಿ, ಪರಿಮಳ ಹೋಗುತ್ತದೆ. ಅರ್ಧ ಹರಳುಗಟ್ಟಿದ್ದನ್ನು ಹಾಗೇ ಬಹಳ ದಿನ ಇಡುವುದೂ ಬೇಡ. ಗ್ಲೂಕೋಸ್ ಹರಳಾಗಿ ಬೇರೆಯಾದ ಮೇಲೆ ಉಳಿದ ಭಾಗ ತೆಳುವಾಗಿ, ಹುಳಿಯುವ ಸಾಧ್ಯತೆ ಇರುತ್ತದೆ.

ಪ್ರಶ್ನೆ: ಫ್ರೀಜರ್‌ನಿಂದ ತೆಗೆದ ನೀರಿನ ಬಾಟಲಿ ನೀರಾಗಿಯೇ ಇತ್ತು. ಮೇಜಿಗೆ ಕುಟ್ಟಿದ ಕೂಡಲೇ ಒಳಗೆಲ್ಲ ಮಂಜುಗಡ್ಡೆ! ಹೇಗೆ?
– ಓದುಗರು, ಕುಶಾಲನಗರ

ಉತ್ತರ: ಇಲ್ಲೂ ಬೀಜದ್ದೇ ಕತೆ. ಚೊಕ್ಕ ನೀರು ಅಲುಗಾಡದೆ ಇದ್ದರೆ ಸೊನ್ನೆ ಡಿಗ್ರಿಗಿಂತ ಕೆಳಗೂ ನೀರಾಗಿಯೇ ಉಳಿಯಬಲ್ಲದು. 1724ರಲ್ಲೇ ಫ್ಯಾರನ್‌ಹೀಟ್ ಇದನ್ನು ಬರೆದಿದ್ದಾರೆ. ಶುದ್ಧ ನೀರಿನ ಸಣ್ಣ ಹನಿಗಳು ಸುಮಾರು ಮೈನಸ್ 38 ಡಿಗ್ರಿವರೆಗೂ ಹೆಪ್ಪುಗಟ್ಟದೆ ಇರಬಲ್ಲವು. ಕುಟ್ಟಿದಾಗ ಎಲ್ಲೋ ಒಂದು ಕಡೆ ಬೀಜ ಹುಟ್ಟುತ್ತದೆ, ಅಲ್ಲಿಂದ ಮಂಜು ಸರಸರ ಹರಡುತ್ತದೆ. ಆದರೆ ಬಾಟಲಿ ಪೂರ್ತಿ ಗಡ್ಡೆಯಾಗಿರಲಿಲ್ಲ, ಗಮನಿಸಿದಿರಾ? ನೀರು ಮಂಜಾಗುವಾಗ ಗ್ರಾಂಗೆ ಸುಮಾರು 80 ಕ್ಯಾಲರಿ ಶಾಖ ಬಿಡುತ್ತದೆ. ನೀರು ಮೈನಸ್ 5 ಡಿಗ್ರಿಯಲ್ಲಿದ್ದರೆ ನೂರಕ್ಕೆ ಆರು ಭಾಗ ಮಂಜಾಗುವಷ್ಟರಲ್ಲೇ ಆ ಶಾಖಕ್ಕೆ ಎಲ್ಲವೂ ಸೊನ್ನೆ ಡಿಗ್ರಿಗೆ ಏರುತ್ತದೆ. ಉಳಿದದ್ದು ಗಟ್ಟಿಯಾಗಬೇಕಿದ್ದರೆ ಬಾಟಲಿಯನ್ನು ಮತ್ತೆ ಫ್ರೀಜರ್‌ಗೆ ಇಡಬೇಕು.