13ರ ಸ್ಪ್ಯಾನರ್ ಹಿಡಿಯುವ ಬೋಲ್ಟ್‌ನ ಅಳತೆ ಕಂಡುಕೊಳ್ಳುವ ಬಗೆ

ಹಳೆಯ ಯಂತ್ರದಿಂದ ಬಿಚ್ಚಿದ ಬೋಲ್ಟ್‌ಗೆ 13ರ ಸ್ಪ್ಯಾನರ್ ಸರಿಹೊಂದುತ್ತದೆ, ಆದರೆ ಹೊಸದಾಗಿ ತಂದ ಎಂ8 (8 ಮಿ.ಮೀ. ವ್ಯಾಸದ ಮೆಟ್ರಿಕ್ ಥ್ರೆಡ್‌ನ) ನಟ್ ಎರಡು ಸುತ್ತು ಹೋಗಿ ಬಿಗಿದುಕೊಳ್ಳುತ್ತದೆ ಎಂದು ಕೇಳಿದ್ದೀರಿ. ದಯವಿಟ್ಟು ಆ ನಟ್ಟನ್ನು ಬಲವಂತದಿಂದ ತಿರುಗಿಸಬೇಡಿ. ಥ್ರೆಡ್‌ನಲ್ಲಿ ಕೊಳೆಯಾಗಲಿ ಪೆಟ್ಟಾಗಲಿ ಇಲ್ಲದಿದ್ದರೆ, ಎರಡರ ಪಿಚ್, ಅಂದರೆ ಥ್ರೆಡ್‌ನ ಅಕ್ಕಪಕ್ಕದ ಎರಡು ಏಣುಗಳ ನಡುವಿನ ದೂರ, ಬೇರೆಯಾಗಿದೆ ಎಂದೇ ತಿಳಿಯಬೇಕು.

ಸ್ಪ್ಯಾನರ್ ಮೇಲಿನ ಸಂಖ್ಯೆ ಬೋಲ್ಟ್ ತಲೆಯ ಎದುರುಬದುರಾದ ಎರಡು ಮುಖಗಳ ನಡುವಿನ ಅಂತರವೇ ಹೊರತು ಬೋಲ್ಟ್‌ನ ಅಳತೆಯಲ್ಲ. ಎಂ8 ಬೋಲ್ಟ್‌ನ ತಲೆ ಸಾಮಾನ್ಯವಾಗಿ 13 ಮಿ.ಮೀ. ಇರುತ್ತದೆ, ಜಪಾನಿ ವಾಹನಗಳಲ್ಲಿ ಅದೇ ಎಂ8ಕ್ಕೆ 12ರ ಸ್ಪ್ಯಾನರ್ ಬೇಕಾಗುವುದುಂಟು. ಇನ್ನು 5/16 ಇಂಚಿನ ಯುಎನ್‌ಸಿ (ಇಂಚಿನ ಅಳತೆಯ ಅಮೆರಿಕನ್ ದಪ್ಪ ಥ್ರೆಡ್) ಬೋಲ್ಟ್‌ನ ತಲೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಇರುವುದರಿಂದ, 13ರ ಸ್ಪ್ಯಾನರ್ ಅದನ್ನೂ ತುಸು ಸಡಿಲವಾಗಿ ಹಿಡಿಯುತ್ತದೆ. ನಿಮ್ಮ ಬೋಲ್ಟ್ ಇದೇ ಇರಬಹುದೆಂಬುದು ನನ್ನ ಅಂದಾಜು.

ವರ್ನಿಯರ್ ಕ್ಯಾಲಿಪರ್ ಒಂದೇ ಇದನ್ನು ತೀರ್ಮಾನಿಸಲಾರದು. 5/16 ಇಂಚೆಂದರೆ 7.94 ಮಿ.ಮೀ.; ಎಂ8 ಥ್ರೆಡ್ಡನ್ನು ಕೂಡ 8 ಮಿ.ಮೀ.ಗಿಂತ ಸ್ವಲ್ಪ ಕಡಿಮೆಯಾಗಿಯೇ ಮಾಡುವುದರಿಂದ, ಸವೆದ ಬೋಲ್ಟ್‌ಗಳಲ್ಲಿ ಎರಡೂ 7.8ರ ಆಸುಪಾಸಿನಲ್ಲಿ ಕಾಣಬಹುದು. ಆದ್ದರಿಂದ ಪಿಚ್ ಅಳೆಯಲೇಬೇಕು. ತಂತಿ ಬ್ರಷ್‌ನಿಂದ ಥ್ರೆಡ್ ಶುಚಿಗೊಳಿಸಿ, ಒಂದು ಏಣಿನಿಂದ ಆರಂಭಿಸಿ ಅದನ್ನು ಸೊನ್ನೆಯೆಂದು ಎಣಿಸುತ್ತ ಹತ್ತನೆಯ ಏಣಿನವರೆಗಿನ ದೂರವನ್ನು ನೋಡಿ. ಮೊದಲ ಏಣನ್ನೇ ಒಂದೆಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಸಾಮಾನ್ಯ ಎಂ8ರಲ್ಲಿ ಪಿಚ್ 1.25 ಮಿ.ಮೀ. ಆದ್ದರಿಂದ ಈ ದೂರ 12.5 ಮಿ.ಮೀ. ಬರುತ್ತದೆ, ಇಂಚಿಗೆ 18 ಥ್ರೆಡ್ ಇರುವ 5/16ರಲ್ಲಿ ಸುಮಾರು 14.1 ಬರುತ್ತದೆ. ಈ ವ್ಯತ್ಯಾಸ ಸಾಧಾರಣ ಉಕ್ಕಿನ ಸ್ಕೇಲಿನಲ್ಲೂ ಸ್ಪಷ್ಟವಾಗಿ ತಿಳಿಯುತ್ತದೆ. ಏಣುಗಳು ಹೆಚ್ಚು ಒತ್ತಾಗಿರುವ ಸಣ್ಣ ಥ್ರೆಡ್‌ನ ಬೋಲ್ಟ್‌ಗಳಲ್ಲಿ ಹಾಗಲ್ಲ: 1 ಮಿ.ಮೀ. ಪಿಚ್‌ನ ಎಂ8ಕ್ಕೆ 10 ಮಿ.ಮೀ., ಇಂಚಿಗೆ 24 ಥ್ರೆಡ್‌ನ 5/16ಕ್ಕೆ 10.6 ಮಿ.ಮೀ. ಬರುವುದರಿಂದ ಪಿಚ್ ಗೇಜ್ (ಬೇರೆ ಬೇರೆ ಪಿಚ್‌ನ ಹಲ್ಲುಗಳಿರುವ ಪಟ್ಟಿಗಳ ಗೊಂಚಲು) ಇಟ್ಟೇ ನೋಡುವುದು ಒಳ್ಳೆಯದು.

ಗೇಜ್ ಇಲ್ಲದಿದ್ದರೆ, ಅಳತೆ ಖಚಿತವಾಗಿ ಗೊತ್ತಿರುವ ಬೋಲ್ಟೊಂದನ್ನು ಪಕ್ಕಕ್ಕಿಟ್ಟು, ಒಂದರ ಏಣು ಇನ್ನೊಂದರ ತಗ್ಗಿನಲ್ಲಿ ಕೂರುವಂತೆ ಒತ್ತಿ ಬೆಳಕಿಗೆ ಹಿಡಿಯಿರಿ. ಉದ್ದಕ್ಕೂ ಬೆಳಕು ನುಸುಳದಿದ್ದರೆ ಪಿಚ್ ಒಂದೇ.

ತಲೆಯ ಮೇಲಿನ ಗುರುತನ್ನೂ ಗಮನಿಸಿ. 8.8 ಅಥವಾ 10.9 ಎಂದಿದ್ದರೆ ಅದು ಮೆಟ್ರಿಕ್ ಬೋಲ್ಟ್. ನಡುವಿನಿಂದ ಅಂಚಿನ ಕಡೆಗೆ ಹೊರಟ ಮೂರು ಅಥವಾ ಆರು ಗೆರೆಗಳಿದ್ದರೆ ಇಂಚಿನದು. ಈ ಗುರುತುಗಳು ಬೋಲ್ಟ್‌ನ ಬಲದ ದರ್ಜೆಯನ್ನೂ ಹೇಳುತ್ತವೆ: ಮೂರು ಗೆರೆ ಗ್ರೇಡ್ 5, ಆರು ಗೆರೆ ಗ್ರೇಡ್ 8. ಹೊಸ ಬೋಲ್ಟ್ ಕೊಳ್ಳುವಾಗ ಈ ದರ್ಜೆಯನ್ನೂ ಹೇಳಬೇಕು, ಏಕೆಂದರೆ ಭಾರ ಹೊರುವ ಜಾಗದಲ್ಲಿ ಕೆಳದರ್ಜೆಯ ಬೋಲ್ಟ್ ಹಾಕುವುದು ಅಪಾಯಕಾರಿ. ಬಹಳ ಹಳೆಯ ಬ್ರಿಟಿಷ್ ಯಂತ್ರವಾದರೆ ವಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಮಾದರಿಯ ಥ್ರೆಡ್ ಇರುವ ಸಾಧ್ಯತೆಯೂ ಇದೆ. 5/16ರಲ್ಲಿ ಅದಕ್ಕೂ ಇಂಚಿಗೆ 18 ಥ್ರೆಡ್‌ಗಳೇ, ಆದರೆ ಏಣಿನ ಎರಡು ಇಳಿಜಾರುಗಳ ನಡುವಿನ ಕೋನ 60 ಡಿಗ್ರಿಯ ಬದಲು 55 ಡಿಗ್ರಿ. ಹೀಗಾಗಿ ಯುಎನ್‌ಸಿ ನಟ್ ಅದರ ಮೇಲೆ ಏರಿದರೂ ಸರಿಯಾಗಿ ಕೂರುವುದಿಲ್ಲ.

ಕೊಳ್ಳುವಾಗ ವ್ಯಾಸ, ಪಿಚ್, ಉದ್ದ ಮೂರನ್ನೂ ತಿಳಿಸಿ. ಉದ್ದವನ್ನು ತಲೆಯ ಕೆಳಗಿನಿಂದ ಅಳೆಯುತ್ತಾರೆ. ಮೇಲ್ಮೈಯ ಮಟ್ಟಕ್ಕೆ ಇಳಿದು ಕೂರುವ ಚಪ್ಪಟೆ ತಲೆಯದಾದರೆ ಮಾತ್ರ ತಲೆಯನ್ನೂ ಸೇರಿಸಿ ಅಳೆಯಬೇಕು. ತಂದ ಸಾಧಾರಣ ನಟ್ಟನ್ನು ಮೊದಲು ಬೆರಳಿನಿಂದಲೇ ಥ್ರೆಡ್‌ನ ಕೊನೆಯವರೆಗೆ ತಿರುಗಿಸಿ ನೋಡಿ; ಅದು ಸಲೀಸಾಗಿ ಹೋದ ಮೇಲಷ್ಟೇ ಸ್ಪ್ಯಾನರ್ ಹಾಕಿ.