ಯಾವ ನಾಗರಹಾವು ಬೇಕು?

ಹೋದ ಸಂಚಿಕೆಯಲ್ಲಿ ಓದುಗರಿಗೆ ಒಂದು ಮಾತು ಕೇಳಿದ್ದೆ. ಒಂದೇ ಹೆಸರಿನ ಕಾದಂಬರಿ, ಸಿನಿಮಾ, ನಾಟಕ, ಕ್ಯಾಸೆಟ್‌ಗಳ ಬಗ್ಗೆ ಏನಾದರೂ ಗೊಂದಲ ಇದ್ದರೆ ಬರೆಯಿರಿ ಅಂತ. ಇಷ್ಟೊಂದು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ.

ಈ ವಿಷಯ ನನಗೆ ಬಹಳ ಹತ್ತಿರದ್ದು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅಪ್ಪ ಬಾಡಿಗೆ ಪುಸ್ತಕದ ಲೈಬ್ರರಿ ಇಟ್ಟಿದ್ದರು. ಶಾಲೆ ಬಿಟ್ಟ ಮೇಲೆ ರಿಜಿಸ್ಟರ್ ಬರೆಯೋ ಕೆಲಸ ನನ್ನದು. ಪುಸ್ತಕದ ಹೆಸರು ನೀಲಿ ಮಸಿಯಲ್ಲಿ, ಬರೆದವರ ಹೆಸರು ಕೆಂಪು ಮಸಿಯಲ್ಲಿ. ಕೆಂಪು ಮಸಿ ಬಿಟ್ಟುಹೋದರೆ ಅಪ್ಪ ಬೈಯುತ್ತಿರಲಿಲ್ಲ, ಪೆನ್ನು ಕೈಗೆ ಕೊಟ್ಟು ಸುಮ್ನೆ ನಿಂತಿರುತ್ತಿದ್ದರು. ಬರೆಯುವ ತನಕ ಅಲ್ಲಿಂದ ಕದಲುತ್ತಿರಲಿಲ್ಲ. ಬಂದ ಕಾಗದಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಅಕ್ಕಾ, ‘ನಾಗರಹಾವು’ ಸಿನಿಮಾ ಟಿ.ವಿ.ಯಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕಾಲೇಜಿನ ಲೈಬ್ರರಿಯಿಂದ ಅದೇ ಹೆಸರಿನ ತ.ರಾ.ಸು. ಕಾದಂಬರಿ ತಂದೆ. ಸಿನಿಮಾದ ಎಷ್ಟೋ ಸಂಗತಿ ಅದರಲ್ಲಿ ಸಿಗಲಿಲ್ಲ. ಫೋನಿನಲ್ಲಿ ಹುಡುಕಿದರೆ ಇನ್ನೊಂದು ‘ನಾಗರಹಾವು’ ಬಂತು, ಅದರಲ್ಲಿ ನಿಜವಾದ ಹಾವೇ ಇದೆ! ಯಾವುದು ಅಸಲಿ?
— ಬಿ.ಎ. ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ಎಲ್ಲವೂ ಅಸಲಿಯೇ ತಂಗಿ. ನಿನ್ನ ಕೈಯಲ್ಲಿರುವ ಪುಸ್ತಕದಲ್ಲಿ ಪುಟ ಹರಿದಿಲ್ಲ, ಅದು ಪೂರ್ತಿ ಪುಸ್ತಕವೇ. ಪುಟ್ಟಣ್ಣ ಕಣಗಾಲ್ 1972ರಲ್ಲಿ ಸಿನಿಮಾ ಮಾಡುವಾಗ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿಕೊಂಡರು. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಹೆಸರು ಮಾತ್ರ ಮೊದಲನೆಯದರದ್ದು ಉಳಿಯಿತು. ನೀನು ಕಾಣದೆ ಹುಡುಕಿದ ಕಥೆ ಉಳಿದೆರಡು ಪುಸ್ತಕಗಳಲ್ಲಿದೆ.

ಇದು ನಿನ್ನೊಬ್ಬಳ ಗೊಂದಲ ಅಲ್ಲ. ಸಿನಿಮಾ ನೋಡಿ ಬಂದವರು ನಮ್ಮಲ್ಲಿ ‘ನಾಗರಹಾವು’ ಒಯ್ಯುತ್ತಿದ್ದರು. ಎರಡು ದಿನ ಬಿಟ್ಟು ಬಂದು, “ಉಳಿದ ಕಥಿ ಎಲ್ಲೈತ್ರಿ?” ಅಂತ ಜಗಳಕ್ಕೇ ನಿಲ್ಲುತ್ತಿದ್ದರು. ಕೊನೆಗೆ ಅಪ್ಪ ಮೂರೂ ಪುಸ್ತಕ ಒಟ್ಟಿಗೆ ಇಟ್ಟು ಗೋಣಿ ದಾರದಿಂದ ಕಟ್ಟಿದರು. ಮೂರಕ್ಕೂ ಒಂದೇ ಬಾಡಿಗೆ. ಆ ದಾರದ ಗುರುತು ರಟ್ಟಿನ ಮೇಲೆ ಗೀರಿನ ಹಾಗೆ ಬಿದ್ದಿತ್ತು. ಅದನ್ನು ನೋಡಿದರೆ ಸಾಕು, ಯಾವ ಪುಸ್ತಕ ಅಂತ ನನಗೆ ಕತ್ತಲಲ್ಲೂ ಗೊತ್ತಾಗುತ್ತಿತ್ತು.

ಇನ್ನು ಹಾವಿರುವ ‘ನಾಗರಹಾವು’. ಅದು 2016ರ ಸಿನಿಮಾ, ಕೋಡಿ ರಾಮಕೃಷ್ಣ ನಿರ್ದೇಶನದ್ದು. 2009ರಲ್ಲೇ ತೀರಿಕೊಂಡಿದ್ದ ವಿಷ್ಣುವರ್ಧನ್ ಅವರನ್ನು ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಅದರೊಳಗೆ ತೋರಿಸಿದರು. ತ.ರಾ.ಸು. ಕಥೆಗೂ ಅದಕ್ಕೂ ಸಂಬಂಧ ಇಲ್ಲ. ಹಳೆಯ ಸಿನಿಮಾದಲ್ಲಿ ನಾಗರಹಾವು ಅಂದರೆ ರಾಮಾಚಾರಿ ಅನ್ನುವ ಹುಡುಗ, ಅವನ ಸಿಟ್ಟು, ಅವನ ಹಟ. ಹೊಸದರಲ್ಲಿ ನಾಗರಹಾವು ಅಂದರೆ ನಾಗರಹಾವೇ. ಒಂದೇ ಮಾತು, ಒಬ್ಬರು ಮನುಷ್ಯನಿಗೆ ಅಂದರು, ಇನ್ನೊಬ್ಬರು ಇದ್ದದ್ದು ಇದ್ದ ಹಾಗೇ ಅಂದರು. ನಮ್ಮ ಕಡೆ ಒಂದೇ ಓಣಿಯಲ್ಲಿ ಮೂರು ಜನ ಪಂಪಾಪತಿ ಇರುತ್ತಾರೆ. ಯಾವ ಪಂಪಾಪತಿ, ಯಾರ ಮನೆಯವನು ಅಂತ ಕೇಳಿಯೇ ಮಾತು ಮುಂದುವರಿಸುತ್ತೇವೆ ಅಲ್ವಾ? ಪುಸ್ತಕಕ್ಕೂ ಸಿನಿಮಾಕ್ಕೂ ಹಾಗೇ ಕೇಳು.

ಉಳಿದೆರಡು ಕಾದಂಬರಿ ಓದು. ಆಮೇಲೆ ಸಿನಿಮಾ ಇನ್ನೊಮ್ಮೆ ನೋಡು. ಎಲ್ಲಿ ಹೊಲಿಗೆ ಹಾಕಿದ್ದಾರೆ ಅಂತ ಕಾಣುತ್ತದೆ, ಪುಟ್ಟಣ್ಣನವರ ಕೈ ಎಷ್ಟು ಚೊಕ್ಕ ಅನ್ನೋದೂ ಕಾಣುತ್ತದೆ.

ಪ್ರಶ್ನೆ: ಒಂದು ಕ್ವಿಜ್‌ನಲ್ಲಿ “‘ಗೆಜ್ಜೆಪೂಜೆ’ ಯಾರ ಕೃತಿ?” ಎಂದು ಕೇಳಿದರು. ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿ ಎಂ.ಕೆ. ಇಂದಿರಾ ಅಂದಳು. ತಪ್ಪು, ಪುಟ್ಟಣ್ಣ ಕಣಗಾಲ್ ಅಂದರು. ಒಂದು ಅಂಕದಲ್ಲಿ ಸೋತು ಬಂದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಮಾತೇ ಆಡಲಿಲ್ಲ. ಅವಳಿಗೆ ಏನು ಹೇಳಲಿ?
— ಕನ್ನಡ ಮೇಷ್ಟ್ರು, ಗಂಗಾವತಿ

ಉತ್ತರ: ನೀನು ಹೇಳಿದ್ದೇ ಸರಿ ಅಂತ ಹೇಳಿ ಮೇಷ್ಟ್ರೇ. ಎಲ್ಲರ ಎದುರಿಗೆ, ಕ್ಲಾಸಿನಲ್ಲೇ ಹೇಳಿ. ‘ಗೆಜ್ಜೆಪೂಜೆ’ ಎಂ.ಕೆ. ಇಂದಿರಾ ಅವರ ಕಾದಂಬರಿ. ಪುಟ್ಟಣ್ಣ ಅದನ್ನು 1969ರಲ್ಲಿ ಸಿನಿಮಾ ಮಾಡಿದರು. ಕಾದಂಬರಿಯೋ ಸಿನಿಮಾವೋ ಅಂತ ಹೇಳದೆ ಸುಮ್ನೆ ‘ಕೃತಿ’ ಅಂದರೆ ಮೊದಲು ಬರೆದವರ ಹೆಸರೇ ಬರಬೇಕು. ಪ್ರಶ್ನೆ ಕೇಳಿದವರು ಅರ್ಧ ಪ್ರಶ್ನೆ ಕೇಳಿದರು, ಅದರ ದಂಡ ನಿಮ್ಮ ಹುಡುಗಿ ಕಟ್ಟಿದಳು.

ನಿಮ್ಮ ಕಾಗದ ಓದಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಯಾಕೆಂದರೆ ಇದನ್ನೇ ನಾನು ಗಲ್ಲಾದ ಹಿಂದೆ ಕೂತು ವರ್ಷಗಟ್ಟಲೆ ಕೇಳಿದ್ದೇನೆ. ಬಂದವರು “ಕಲ್ಪನಾದು ಶರಪಂಜರ ಕೊಡ್ರಿ” ಅನ್ನುತ್ತಿದ್ದರು. ಅಪ್ಪ ಪುಸ್ತಕ ಕೈಗೆ ಕೊಡುತ್ತಲೇ ಹೇಳುತ್ತಿದ್ದರು: “ಕಲ್ಪನಾದು ಟಾಕೀಸಿನ್ಯಾಗ ಐತ್ರಿ. ಇದು ತ್ರಿವೇಣಿಯವರದು.” ಪ್ರತಿಸಲವೂ ಹೇಳುತ್ತಿದ್ದರು. ಆ ಪ್ರತಿಯ ರಟ್ಟಿನ ಒಳಗೆ ಯಾರೋ ಓದುಗರು ವಾರಪತ್ರಿಕೆಯಿಂದ ಕಲ್ಪನಾ ಫೋಟೊ ಕತ್ತರಿಸಿ ಅಂಟಿಸಿದ್ದರು. ಅಪ್ಪ ಅದನ್ನು ಕೀಳಲಿಲ್ಲ. ಅದರ ಕೆಳಗೆ ಕೆಂಪು ಮಸಿಯಲ್ಲಿ ‘ತ್ರಿವೇಣಿ’ ಅಂತ ದೊಡ್ಡದಾಗಿ ಬರೆದರು.

ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಆಗ ಅವರಿಗೆ ಮೂವತ್ತೈದೂ ತುಂಬಿರಲಿಲ್ಲ. ಅವರ ಕಾದಂಬರಿಗಳಿಂದ ಪುಟ್ಟಣ್ಣ ಮಾಡಿದ ‘ಬೆಳ್ಳಿಮೋಡ’ ಸಿನಿಮಾ ಬಂದದ್ದು 1967ರಲ್ಲಿ, ‘ಶರಪಂಜರ’ 1971ರಲ್ಲಿ. ಎರಡನ್ನೂ ಅವರು ನೋಡಲಿಲ್ಲ. ತಮ್ಮ ಪುಸ್ತಕದ ಹೆಸರು ಟಾಕೀಸಿನ ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ನಿಂತದ್ದು ಅವರಿಗೆ ಗೊತ್ತಾಗಲೇ ಇಲ್ಲ. ಪುಟ್ಟಣ್ಣ ದೊಡ್ಡ ನಿರ್ದೇಶಕರು, ಕಲ್ಪನಾ ದೊಡ್ಡ ನಟಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅಡುಗೆಮನೆ, ಬಾಣಂತಿ ಕೋಣೆ, ಮದುವೆಯಾದ ಹೆಣ್ಣಿನ ಮನಸ್ಸು ಒಡೆಯುವ ಬಗೆ, ಇದನ್ನೆಲ್ಲ ಮೊದಲು ಕಂಡು ಬರೆದದ್ದು ಒಬ್ಬ ಹೆಂಗಸು. ಪುಸ್ತಕದ ಹೆಸರು ಸಿನಿಮಾಕ್ಕೆ ಹೋದಾಗ ಜನರ ಬಾಯಲ್ಲಿ ಅವರ ಹೆಸರೂ ಜೊತೆಗೆ ಹೋಗಬೇಕಿತ್ತು. ಹೋಗಲಿಲ್ಲ.

ಇನ್ನೊಂದು ಮಾತು. ‘ಗೆಜ್ಜೆಪೂಜೆ’ ಅನ್ನೋ ಹೆಸರು ಬೆಂಗಳೂರಿನವರಿಗೆ ಬರೀ ಒಂದು ಶೀರ್ಷಿಕೆ ಇರಬಹುದು. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರಿಗೆ ಹಾಗಲ್ಲ. ‘ಮುತ್ತು ಕಟ್ಟೋದು’, ಅಂದರೆ ಹುಡುಗಿಯನ್ನು ದೇವದಾಸಿಯಾಗಿ ಬಿಡೋದು, ಅನ್ನುವ ಮಾತು ಕೇಳಿ ಬೆಳೆದವರು ನಾವು. ಅದನ್ನು ನಿಲ್ಲಿಸಲು ರಾಜ್ಯದಲ್ಲಿ 1982ರಲ್ಲಿ ದೇವದಾಸಿ ನಿಷೇಧ ಕಾನೂನು ಬಂತು. ನಮ್ಮ ಲೈಬ್ರರಿಯಲ್ಲಿ ಆ ಪುಸ್ತಕವನ್ನು ಸೆರಗಿನೊಳಗೆ ಮುಚ್ಚಿಕೊಂಡು ಒಯ್ಯುತ್ತಿದ್ದ ಹೆಂಗಸರಿದ್ದರು. ಅವರು ಯಾರೂ ಕಲ್ಪನಾ ಹೆಸರು ಹೇಳಿ ಕೇಳಿದವರಲ್ಲ. “ಇಂದಿರಮ್ಮನ ಪುಸ್ತಕ” ಅಂತಲೇ ಕೇಳುತ್ತಿದ್ದರು. ನಿಮ್ಮ ಹುಡುಗಿಯೂ ಅದನ್ನೇ ಹೇಳಿದ್ದಾಳೆ.

ಪ್ರಶ್ನೆ: ತಾಯಿ, ನಾನು ಹುಡುಗನಿದ್ದಾಗ ನಮ್ಮೂರ ‘ಸತ್ಯ ಹರಿಶ್ಚಂದ್ರ’ ನಾಟಕದಲ್ಲಿ ಲೋಹಿತಾಶ್ವನ ಪಾತ್ರ ಮಾಡಿದ್ದೆ. ಮೊಮ್ಮಗ ರಾಜ್‌ಕುಮಾರ್ ಸಿನಿಮಾ ನೋಡಿ “ತಾತಾ, ನಿಮ್ಮ ನಾಟಕ ಇದರ ಕಾಪಿ” ಅನ್ನುತ್ತಾನೆ. ಸ್ಮಶಾನದ ಸೀನಿನಲ್ಲಿ ಸೊಳ್ಳೆ ಕಚ್ಚಿದರೂ ಅಲುಗದೆ ಹೆಣದ ಹಾಗೆ ಮಲಗಿದ್ದೆ. ಚಂದ್ರಮತಿ ಪಾತ್ರ ಮಾಡಿದಾಕೆಯ ಕಣ್ಣೀರು ನನ್ನ ಕೆನ್ನೆ ಮೇಲೆ ಬಿದ್ದದ್ದು ಇನ್ನೂ ನೆನಪಿದೆ. ಅದು ಕಾಪಿಯೇ?
— ಹಿರಿಯ ರೈತರು, ಕಂಪ್ಲಿ

ಉತ್ತರ: ಅಲ್ಲ ಹಿರಿಯರೇ. ಮೊಮ್ಮಗನನ್ನು ಹತ್ತಿರ ಕೂಡಿಸಿಕೊಂಡು ಇದನ್ನು ಓದಿ ಹೇಳಿ.

ಅವನು ನೋಡಿದ ‘ಸತ್ಯ ಹರಿಶ್ಚಂದ್ರ’ 1965ರದ್ದು, ಹುಣಸೂರು ಕೃಷ್ಣಮೂರ್ತಿ ನಿರ್ದೇಶನ. ‘ಕುಲದಲ್ಲಿ ಕೀಳ್ಯಾವುದೋ’ ಹಾಡು ಅದರದ್ದೇ. ಅದೇ ವರ್ಷ ಅದೇ ಹೆಸರಿನ ತೆಲುಗು ಸಿನಿಮಾ ಕೂಡ ಬಂತು, ಎನ್.ಟಿ. ರಾಮರಾವ್ ಅವರದ್ದು. ನಮ್ಮ ಬಳ್ಳಾರಿ ಕಡೆ ಎರಡನ್ನೂ ನೋಡಿ ಹೋಲಿಸಿದವರು ಬೇಕಾದಷ್ಟು ಜನ. ಇವಕ್ಕೆಲ್ಲ ಐವತ್ತು ವರ್ಷ ಮೊದಲೇ, 1913ರಲ್ಲಿ, ಫಾಲ್ಕೆಯವರು ‘ರಾಜಾ ಹರಿಶ್ಚಂದ್ರ’ ತೆಗೆದಿದ್ದರು. ನಮ್ಮ ದೇಶದ ಮೊದಲ ಪೂರ್ಣ ಪ್ರಮಾಣದ ಕಥಾಚಿತ್ರ ಅದು. ಮಾತಿಲ್ಲದ್ದು. ಅದರಲ್ಲಿ ರಾಣಿಯ ಹೆಸರು ತಾರಾಮತಿ, ಆ ಪಾತ್ರ ಮಾಡಿದವರು ಒಬ್ಬ ಗಂಡಸು.

ಆದರೆ ಕನ್ನಡದಲ್ಲಿ ಈ ಕಥೆಗೆ ಮೈ ಕೊಟ್ಟವನು ನಿಮ್ಮ ನೆರೆಯವನೇ. ಕಂಪ್ಲಿಯಿಂದ ಹಂಪಿ ಎಷ್ಟು ದೂರ? ಅಲ್ಲಿಯ ವಿರೂಪಾಕ್ಷನ ಭಕ್ತ ರಾಘವಾಂಕ ‘ಹರಿಶ್ಚಂದ್ರ ಕಾವ್ಯ’ವನ್ನು ಷಟ್ಪದಿಯಲ್ಲಿ ಬರೆದ. ಅವನ ಗುರುವೂ ಸೋದರಮಾವನೂ ಆದ ಹರಿಹರನಿಗೆ ಸಿಟ್ಟು ಬಂತಂತೆ. ಶಿವನನ್ನು ಬಿಟ್ಟು ಒಬ್ಬ ರಾಜನನ್ನು ಹಾಡಿದೆಯಲ್ಲ ಅಂತ ಹೊಡೆದನಂತೆ, ಹಲ್ಲು ಉದುರಿದವಂತೆ. ಆಮೇಲೆ ಶಿವಶರಣರ ಮೇಲೆ ಕಾವ್ಯ ಬರೆದ ಹಾಗೆಲ್ಲ ಒಂದೊಂದೇ ಹಲ್ಲು ಬಂದವಂತೆ. ಕಥೆ ಇರಲಿ. ಹಲ್ಲು ಹೋದರೂ ಕಾವ್ಯ ಉಳಿಯಿತು ನೋಡಿ.

ಒಂದೇ ಹೆಸರು ಇದ್ದರೂ ಕಾವ್ಯದ ಸುಖ ಬೇರೆ, ನಾಟಕದ ಸುಖ ಬೇರೆ. ಗಮಕಿ ಒಂದು ಪದ್ಯವನ್ನು ನಾಲ್ಕು ಸಲ ಬಿಡಿಸಿ ಹಾಡಬಹುದು. ಕಂಪನಿ ನಾಟಕದಲ್ಲಿ ಜನ “ಒನ್ಸ್ ಮೋರ್” ಅಂದರೆ ಹಾರ್ಮೋನಿಯಂ ಮೇಷ್ಟ್ರು ಮತ್ತೆ ಶ್ರುತಿ ಹಿಡಿಯುತ್ತಾರೆ, ಸತ್ತವನೂ ಎದ್ದು ಹಾಡುತ್ತಾನೆ. ಸಿನಿಮಾದಲ್ಲಿ ಚಂದ್ರಮತಿಯ ಮುಖ ಅಷ್ಟು ಹತ್ತಿರದಲ್ಲಿ ಕಾಣುತ್ತದೆ, ಕೊನೆಯ ಸಾಲಿನಲ್ಲಿ ಕೂತವನಿಗೂ ಕಾಣುತ್ತದೆ. ಆದರೆ ಆ ಕಣ್ಣೀರು ಯಾರ ಕೆನ್ನೆಯ ಮೇಲೂ ಬೀಳುವುದಿಲ್ಲ. ನಿಮ್ಮ ಕೆನ್ನೆಯ ಮೇಲೆ ಬಿತ್ತು. ಅದನ್ನು ಯಾವ ಸಿನಿಮಾದಿಂದ ಕಾಪಿ ಮಾಡಲಾಗುತ್ತದೆ?

ಪ್ರಶ್ನೆ: ‘ಮೈಸೂರು ಮಲ್ಲಿಗೆ’ ಸಿನಿಮಾದ ಕಥೆ ಪುಸ್ತಕದಲ್ಲಿ ಎಲ್ಲಿದೆ? ಹುಡುಕಿ ಸಾಕಾಯಿತು.
— ಗೃಹಿಣಿ, ಕೊಪ್ಪಳ

ಉತ್ತರ: ಪುಸ್ತಕದಲ್ಲಿ ಕಥೆಯೇ ಇಲ್ಲ! ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರ ಕವನ ಸಂಕಲನ. ಗಂಡ, ಹೆಂಡತಿ, ತವರು, ಮಾವನ ಮನೆ ಎಲ್ಲ ಬರುತ್ತವೆ, ಆದರೆ ಒಂದೊಂದು ಪದ್ಯವೂ ಬೇರೆ ಬೇರೆ. ಆಮೇಲೆ ಆ ಪದ್ಯಗಳು ಭಾವಗೀತೆಯಾಗಿ ಅದೇ ಹೆಸರಿನ ಕ್ಯಾಸೆಟ್‌ನಲ್ಲಿ ಮನೆಮನೆಗೆ ಹೋದವು. 1992ರಲ್ಲಿ ಟಿ.ಎಸ್. ನಾಗಾಭರಣ ಹೂಗಳ ನಡುವೆ ದಾರ ಹಾಯಿಸಿದ ಹಾಗೆ ಪದ್ಯಗಳ ಸುತ್ತ ಹೊಸ ಕಥೆ ಕಟ್ಟಿ ಸಿನಿಮಾ ಮಾಡಿದರು. ಹಾಡುಗಳಿಗಾಗಿ ಕವಿಗೇ ರಾಷ್ಟ್ರಪ್ರಶಸ್ತಿ ಬಂತು. ಅದನ್ನು ಕೇಳಿದ ದಿನ ನಾನು ಎಷ್ಟು ಸಂತೋಷಪಟ್ಟೆ ಅಂದರೆ, ಪೇಟೆಗೆ ಹೋಗಿ ಎರಡು ಮೊಳ ಮಲ್ಲಿಗೆ ತಂದು ಆ ಪುಸ್ತಕದ ಮುಂದೆ ಇಟ್ಟೆ. ಅದು ಮೈಸೂರಿನದಲ್ಲ, ನಮ್ಮ ಹಡಗಲಿ ಮಲ್ಲಿಗೆ.

ಪ್ರಶ್ನೆ: 2020ರ ಕನ್ನಡ ಸಿನಿಮಾ ‘ಮಾಲ್ಗುಡಿ ಡೇಸ್’ ಆರ್.ಕೆ. ನಾರಾಯಣ್ ಕಥೆಯೇ?
— ಓದುಗರು, ರಾಯಚೂರು

ಉತ್ತರ: ಅಲ್ಲ. ವಿಜಯ ರಾಘವೇಂದ್ರ ನಟಿಸಿದ ಆ ಸಿನಿಮಾದ ಕಥೆ ಬೇರೆ. ನಾರಾಯಣ್ ಕಥೆಗಳು ಬೇಕಿದ್ದರೆ ಶಂಕರನಾಗ್ ಅವರ ಧಾರಾವಾಹಿ ನೋಡಿ.

ಪ್ರಶ್ನೆ: ಅಕ್ಕಾ, ನಮ್ಮ ಅಜ್ಜಿಯ ಮೇಲೆ ಹದಿನೈದು ನಿಮಿಷದ ಕಿರುಚಿತ್ರ ಮಾಡುತ್ತಿದ್ದೇನೆ. ಅಜ್ಜಿ ದಿನಾ ಸಂಜೆ ಕಟ್ಟೆ ಮೇಲೆ ಕೂತು ಗುಡ್ಡದ ಕಡೆ ಮೋಡ ನೋಡುತ್ತಾಳೆ. ಈ ಕಡೆ ಅದಿರು ಲಾರಿಗಳ ಕೆಂಪು ದೂಳು, ಆ ಕಡೆ ಮೋಡ. ‘ಬೆಳ್ಳಿಮೋಡ’ ಅಂತ ಹೆಸರಿಡಬೇಕು ಅಂತಿದ್ದೇನೆ. ಕೇಸ್ ಹಾಕುತ್ತಾರಾ?
— ಯುವಕ, ಸಂಡೂರು

ಉತ್ತರ: ಮೊದಲು ಕಾನೂನಿನ ಮಾತು ಮುಗಿಸೋಣ ತಮ್ಮಾ. ಬರೀ ಹೆಸರಿಗೆ ಕಾಪಿರೈಟ್ ಇಲ್ಲ. ‘ದೇಸಿ ಬಾಯ್ಸ್’ ಎಂಬ ಹಿಂದಿ ಸಿನಿಮಾದ ಹೆಸರಿನ ಜಗಳದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಇದನ್ನೇ ಹೇಳಿತು. ಕಥೆ, ಸಂಭಾಷಣೆ, ಹಾಡು ತೆಗೆದುಕೊಂಡರೆ ಮಾತು ಬೇರೆ, ಅದಕ್ಕೆ ಅನುಮತಿ ಬೇಕು. ಅದೇ ಹಳೆಯ ಸಿನಿಮಾ ಅಂತ ಜನರನ್ನು ನಂಬಿಸಿ ದುಡ್ಡು ಮಾಡಿದರೂ ತಪ್ಪಾಗುತ್ತದೆ. ಟಾಕೀಸಿಗೆ ಬರುವ ಸಿನಿಮಾಗಳ ಹೆಸರನ್ನು ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸುವ ಪದ್ಧತಿ ಇದೆ, ಅದು ಸಿನಿಮಾದವರು ತಮ್ಮೊಳಗೆ ಮಾಡಿಕೊಂಡ ಶಿಸ್ತು. ಹಾಗಾಗಿ ಹೆಸರಿಟ್ಟ ಮಾತ್ರಕ್ಕೆ ಹೆದರಬೇಡ.

ಆದರೂ ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳುತ್ತೇನೆ. ‘ಬೆಳ್ಳಿಮೋಡ’ ತ್ರಿವೇಣಿಯವರ ಮಾತು. ಅದು ಮಲೆನಾಡಿನ ಎಸ್ಟೇಟಿನ ಮೇಲೆ ತೇಲುವ ಮೋಡ. ನೀನು ಆ ಹೆಸರಿಟ್ಟರೆ ಜನ ಮೊದಲು ಕಲ್ಪನಾ ಅವರನ್ನು ನೆನೆಸಿಕೊಳ್ಳುತ್ತಾರೆ, ನಿಮ್ಮ ಅಜ್ಜಿ ಆಮೇಲೆ. ನಿಮ್ಮ ಅಜ್ಜಿ ನೋಡುವ ಮೋಡ ಬೆಳ್ಳಿಯ ಬಣ್ಣದ್ದೇ? ಕೆಂಪು ದೂಳಿನ ಆಚೆ ಕಾಣುವಾಗ ಅದು ಯಾವ ಬಣ್ಣ? ನೀನೇ ಕಾಗದದಲ್ಲಿ ಬರೆದಿದ್ದೀಯ, ಅಜ್ಜಿಗೆ ಎಪ್ಪತ್ತೆಂಟು, ಮಳೆ ಬರುವುದೋ ಇಲ್ಲವೋ ಮೋಡ ನೋಡಿಯೇ ಹೇಳುತ್ತಾಳೆ ಅಂತ. ಅಂಥವಳ ಹತ್ತಿರ ಒಂದೊಂದು ಮೋಡಕ್ಕೂ ಒಂದೊಂದು ಮಾತು ಇದ್ದೇ ಇರುತ್ತದೆ.

ಇವತ್ತು ಸಂಜೆ ಕ್ಯಾಮೆರಾ ಒಳಗಿಟ್ಟು ಕಟ್ಟೆ ಮೇಲೆ ಅವಳ ಪಕ್ಕ ಕೂತುಕೋ. ಆ ಮೋಡಕ್ಕೆ ಏನಂತಾಳೆ ಅಂತ ಕೇಳು. ಅವಳು ಹೇಳಿದ್ದನ್ನು ನನಗೂ ಬರೆದು ಕಳಿಸು.