ಕ್ಲಾಸಿಗೆ ಅತಿಥಿ ಬರಲು ಒಂದು ಲಿಂಕ್ ಸಾಕು

ಪ್ರಶ್ನೆ: ನಮ್ಮದು ಪೈವಳಿಕೆ ಕಡೆಯ ಕನ್ನಡ ಮಾಧ್ಯಮ ಯುಪಿ ಶಾಲೆ. ಏಳನೇ ಕ್ಲಾಸಿನ ಮಕ್ಕಳಿಗೆ ಯಕ್ಷಗಾನದ ಬಣ್ಣಗಾರಿಕೆ ತೋರಿಸಬೇಕು ಅಂತ ಆಸೆ. ನಮಗೆ ಗೊತ್ತಿರುವ ಹಿರಿಯ ವೇಷಧಾರಿಯೊಬ್ಬರು ಸುಳ್ಯದಲ್ಲಿದ್ದಾರೆ. ಅಷ್ಟು ದೂರ ಬರಲು ಅವರಿಗೆ ಈಗ ಆಗುವುದಿಲ್ಲ, ಆದರೆ ವೀಡಿಯೊದಲ್ಲಿ ತೋರಿಸುತ್ತೇನೆ ಅಂದಿದ್ದಾರೆ. ಶಾಲೆಯಲ್ಲಿ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಇದೆ. ನೆಟ್ ಮಾತ್ರ ನನ್ನ ಮೊಬೈಲಿನದು. ದುಡ್ಡು ಕೊಟ್ಟು ಪ್ಲಾನ್ ತೆಗೆದುಕೊಳ್ಳದೆ ಆಗುತ್ತದಾ? ಯಾವ ಆಪ್ ಒಳ್ಳೆಯದು?
– ಶಿಕ್ಷಕಿ, ಪೈವಳಿಕೆ

ಉತ್ತರ: ಟೀಚರೇ, ಒಂದು ರೂಪಾಯಿಯೂ ಕೊಡಬೇಡಿ. ನಿಮ್ಮ ಕೆಲಸಕ್ಕೆ ಗೂಗಲ್ ಮೀಟ್‌ನ ಉಚಿತ ಖಾತೆ ಸಾಕು, ಯಾಕೆ ಅಂತ ಹೇಳುತ್ತೇನೆ. ಜೂಮ್ ಉಚಿತ ಖಾತೆಯಲ್ಲಿ ಮೀಟಿಂಗ್ 40 ನಿಮಿಷಕ್ಕೆ ನಿಲ್ಲುತ್ತದೆ. ಮೀಟ್‌ನಲ್ಲಿ ಮೂರು ಅಥವಾ ಹೆಚ್ಚು ಜನ ಸೇರಿದರೆ 60 ನಿಮಿಷ. ಇಬ್ಬರೇ ಆದರೆ 24 ಗಂಟೆಯವರೆಗೂ ನಡೆಯುತ್ತದೆ. ಇಲ್ಲಿ 'ಇಬ್ಬರು' ಅಂದರೆ ಎರಡು ಕಡೆಯ ಎರಡು ಸಾಧನ ಅಷ್ಟೇ. ನಿಮ್ಮ ಕ್ಲಾಸಿನಲ್ಲಿ ಮೂವತ್ತು ಮಕ್ಕಳು ಕೂತಿದ್ದರೂ ಎಲ್ಲರೂ ಒಂದೇ ಲ್ಯಾಪ್‌ಟಾಪಿನ ಮುಂದೆ ಇರುವುದರಿಂದ ಮೀಟ್ ಲೆಕ್ಕದಲ್ಲಿ ನೀವು ಒಬ್ಬರು, ಆ ಕಡೆ ಕಲಾವಿದರು ಇನ್ನೊಬ್ಬರು. ಬಣ್ಣ ಹಚ್ಚುವುದು ಗಡಿಬಿಡಿಯ ಕೆಲಸ ಅಲ್ಲ, ಹಾಗಾಗಿ ಸಮಯ ಕೈಯಲ್ಲಿರುವುದು ಮುಖ್ಯ.

ನಮ್ಮ ಕೇರಳದ ಶಾಲೆಗಳಿಗೆ ಕೈಟ್ (ಶಾಲೆಗಳ ಐಟಿ ಕೆಲಸ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಕೊಟ್ಟ ಲ್ಯಾಪ್‌ಟಾಪುಗಳಲ್ಲಿ ಉಬುಂಟು ಆಧಾರದ ಲಿನಕ್ಸ್ ಇರುತ್ತದೆ. ಅದಕ್ಕೆ ಹೆದರಬೇಕಾಗಿಲ್ಲ. ಮೀಟ್ ಬ್ರೌಸರ್‌ನಲ್ಲೇ ತೆರೆಯುತ್ತದೆ, ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಜಿಟ್ಸಿ ಮೀಟ್ ಕೂಡ ಹಾಗೆಯೇ, ಅದು ಮುಕ್ತ ತಂತ್ರಾಂಶ. ಹಿಂದೆ ಖಾತೆಯೇ ಇಲ್ಲದೆ ನಡೆಯುತ್ತಿತ್ತು, 2023ರಿಂದ ಅವರ ಸೈಟಿನಲ್ಲಿ ಕೋಣೆ ತೆರೆಯುವವರು ಮಾತ್ರ ಲಾಗಿನ್ ಆಗಬೇಕು. ಯಾವುದು ಬೇಕೋ ಅದನ್ನು ಬಳಸಿ, ಆದರೆ ಹಿಂದಿನ ದಿನ ಸಂಜೆ ಅದೇ ಕೋಣೆಯಲ್ಲಿ, ಅದೇ ಮೊಬೈಲ್ ನೆಟ್‌ನಲ್ಲಿ ಒಂದು ಸಲ ನೋಡಿಕೊಳ್ಳಿ. ಹಿರಿಯರಿಗೆ ಲಿಂಕನ್ನು ವಾಟ್ಸಾಪಿನಲ್ಲಿ ಕಳಿಸಿ, ಮನೆಯಲ್ಲಿ ಮೊಮ್ಮಕ್ಕಳು ಯಾರಾದರೂ ಇದ್ದರೆ ಜೊತೆಗೆ ಕೂರಲು ಹೇಳಿ.

ನೆಟ್ ವಿಷಯ. ಇಬ್ಬರ ನಡುವಿನ ಒಳ್ಳೆಯ ವೀಡಿಯೊಗೆ ಸೆಕೆಂಡಿಗೆ ಸುಮಾರು 600 ಕಿಲೋಬಿಟ್ ಬೇಕು, ಬರೀ ಧ್ವನಿಗೆ 60ರಿಂದ 80 ಸಾಕು. ಹಾಗೆ ನೋಡಿದರೆ 40 ನಿಮಿಷಕ್ಕೆ ಹೋಗುವುದು ಬರುವುದು ಸೇರಿ 350 ಎಂಬಿ ಆಸುಪಾಸು. ದಿನದ ಪ್ಯಾಕ್‌ನಲ್ಲಿ ಆರಾಮಾಗಿ ಮುಗಿಯುತ್ತದೆ. ಮೊಬೈಲನ್ನು ರೇಂಜ್ ಸಿಗುವ ಕಿಟಕಿ ಹತ್ತಿರ ಇಟ್ಟು, ಹಾಟ್‌ಸ್ಪಾಟ್ ಬದಲು ಯುಎಸ್‌ಬಿ ಕೇಬಲಿನಲ್ಲೇ ಲ್ಯಾಪ್‌ಟಾಪಿಗೆ ಜೋಡಿಸಿ. ಚಾರ್ಜೂ ಆಗುತ್ತದೆ, ನೆಟ್ಟೂ ಬರುತ್ತದೆ.

ಇನ್ನು ನಿಜವಾದ ವಿಷಯಕ್ಕೆ ಬರೋಣ. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚಿಟ್ಟಿ ಇಡುತ್ತಾರಲ್ಲ, ಒಂದೊಂದೇ ಚುಕ್ಕೆ ಮುಳ್ಳಿನ ಹಾಗೆ ಎದ್ದು ನಿಲ್ಲಬೇಕು. ಅದನ್ನು ರಂಗಸ್ಥಳದ ಎದುರು ಕೂತವರಿಗೂ ಇಷ್ಟು ಹತ್ತಿರದಿಂದ ನೋಡಲು ಸಿಗುವುದಿಲ್ಲ. ಹಾಗಾಗಿ ಕಲಾವಿದರ ಮನೆಯವರಿಗೆ ಹೇಳಿ: ಸೆಲ್ಫಿ ಕ್ಯಾಮೆರಾ ಬೇಡ, ಹಿಂದಿನ ಕ್ಯಾಮೆರಾ ಹಾಕಿ. ಮುಖಕ್ಕೆ ಎದುರಿನಿಂದ ಬೆಳಕು ಬೀಳಲಿ, ಕಿಟಕಿ ಬೆನ್ನ ಹಿಂದೆ ಇದ್ದರೆ ಮುಖ ಕಪ್ಪಾಗಿ ಬಣ್ಣವೇ ಕಾಣುವುದಿಲ್ಲ. ಮೊಬೈಲನ್ನು ಕೈಯಲ್ಲಿ ಹಿಡಿಯದೆ ಸ್ಟೂಲಿನ ಮೇಲೆ ಪುಸ್ತಕಗಳಿಗೆ ಒರಗಿಸಿ ಇಟ್ಟರೆ ಅಲುಗುವುದಿಲ್ಲ.

ನಿಮ್ಮ ಕಡೆ ಫ್ಯಾನ್ ಆಫ್ ಮಾಡಿ. ಲ್ಯಾಪ್‌ಟಾಪಿನ ಮೈಕ್‌ಗೆ ಹಿಂದಿನ ಬೆಂಚಿನ ಮಗುವಿನ ಮಾತು ಕೇಳಿಸುವುದಿಲ್ಲ, ಫ್ಯಾನ್ ಶಬ್ದ ಮಾತ್ರ ಚೆನ್ನಾಗಿ ಕೇಳಿಸುತ್ತದೆ. ಪ್ರಶ್ನೆ ಕೇಳುವ ಮಗು ಎದ್ದು ಮುಂದೆ ಬಂದು ಲ್ಯಾಪ್‌ಟಾಪ್ ಹತ್ತಿರ ನಿಂತು ಕೇಳಲಿ. ಅದೇ ಕೋಣೆಯಲ್ಲಿ ಇನ್ನೊಂದು ಮೊಬೈಲಿನಿಂದ ಯಾರಾದರೂ ಸೇರಿಕೊಂಡರೆ ಕಿವಿ ಕೊರೆಯುವ ಕೂಗು ಶುರುವಾಗುತ್ತದೆ, ಅದರ ಮೈಕ್, ಸ್ಪೀಕರ್ ಎರಡೂ ಮುಚ್ಚಿರಬೇಕು. ಮೂರನೆಯವರು ಸೇರಿದರೆ 60 ನಿಮಿಷದ ಮಿತಿಯೂ ಶುರು, ಅದು ನೆನಪಿರಲಿ.

ಪ್ರಶ್ನೆ: ಇಷ್ಟೆಲ್ಲ ಯಾಕೆ? ಯೂಟ್ಯೂಬಿನಲ್ಲಿ ಒಳ್ಳೊಳ್ಳೆ ವೀಡಿಯೊ ಇದೆ, ಸುಮ್ನೆ ಅದನ್ನೇ ಹಾಕಿದರೆ ಆಯಿತಲ್ಲ?
– ಶಿಕ್ಷಕ, ಮುಳ್ಳೇರಿಯಾ

ಉತ್ತರ: ಪಾಠ ಅರ್ಥ ಮಾಡಿಸಲು ವೀಡಿಯೊ ಖಂಡಿತ ಹಾಕಿ ಮಾಷ್ಟ್ರೇ. 2020ರ ಜೂನ್ 1ಕ್ಕೆ ವಿಕ್ಟರ್ಸ್ ಶೈಕ್ಷಣಿಕ ಟಿವಿ ಚಾನೆಲಿನಲ್ಲಿ 'ಫಸ್ಟ್ ಬೆಲ್' ಕ್ಲಾಸುಗಳು ಶುರುವಾದ ಮೇಲೆ ಕನ್ನಡದಲ್ಲೂ ಪಾಠಗಳು ಬಂದವು, ನಮ್ಮ ಮಕ್ಕಳಿಗೆ ಅದರಿಂದ ಉಪಕಾರ ಆಗಿದೆ. ಆದರೆ ವೀಡಿಯೊಗೆ ಪ್ರಶ್ನೆ ಕೇಳಲು ಆಗುವುದಿಲ್ಲ. 'ಚಿಟ್ಟಿ ತೆಗೆಯುವಾಗ ನೋವಾಗುತ್ತದಾ?' ಅಂತ ಒಂದು ಮಗು ಕೇಳಿ, ಆ ಕಡೆಯಿಂದ ಅದಕ್ಕೇ ಅಂತ ಉತ್ತರ ಬರುವುದಿದೆಯಲ್ಲ, ನನ್ನ ಮಟ್ಟಿಗೆ ವೀಡಿಯೊ ಕರೆ ಕ್ಲಾಸಿಗೆ ಬರಬೇಕಾದ್ದು ಅಷ್ಟಕ್ಕೇ. ಅದರಲ್ಲೂ ನಮ್ಮ ಗಡಿನಾಡಿನ ಕನ್ನಡ ಮಕ್ಕಳಿಗೆ ಕನ್ನಡದಲ್ಲಿ ವಿಜ್ಞಾನ ಹೇಳುವವರು, ಕನ್ನಡದಲ್ಲಿ ಕೃಷಿ ಹೇಳುವವರು ಶಾಲೆಯ ಹೊರಗೂ ಇದ್ದಾರೆ ಅಂತ ಗೊತ್ತಾಗುವುದು ತುಂಬಾ ಮುಖ್ಯ. ಕಾಸರಗೋಡಿನಲ್ಲೇ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಇದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ತೆಂಗು, ಅಡಿಕೆ ಬಗ್ಗೆ ಕನ್ನಡದಲ್ಲಿ ಮಾತಾಡಬಲ್ಲ ಒಬ್ಬರು ಅರ್ಧ ಗಂಟೆ ಬಿಡುವು ಮಾಡಿಕೊಂಡರೆ, ತೋಟದಲ್ಲೇ ಬೆಳೆದ ಮಕ್ಕಳ ಪ್ರಶ್ನೆ ಹೇಗಿರುತ್ತವೆ ನೋಡಿ! ಹಿಂದಿನ ದಿನವೇ ಮಕ್ಕಳಿಂದ ಪ್ರಶ್ನೆ ಬರೆಸಿ, ಅತಿಥಿಗೆ ಮೊದಲೇ ಕಳಿಸಿಬಿಡಿ. ದಿನಾ ವೀಡಿಯೊ ಕರೆ ಬೇಡ. ಟರ್ಮಿಗೆ ಒಂದೆರಡು ಸಲ ಆದರೂ ಸಾಕು.

ಪ್ರಶ್ನೆ: ನವೆಂಬರ್ 1ಕ್ಕೆ ನಮ್ಮ ಮಕ್ಕಳೂ ಪುತ್ತೂರಿನ ಒಂದು ಶಾಲೆಯ ಮಕ್ಕಳೂ ಆನ್‌ಲೈನಿನಲ್ಲಿ ಒಟ್ಟಿಗೆ ನಾಡಗೀತೆ ಹಾಡಬೇಕು ಅಂತ ಯೋಚನೆ. ಪ್ರಾಕ್ಟೀಸ್ ಮಾಡುವಾಗ ಒಂದು ಕಡೆಯವರು ಹಿಂದೆ ಬೀಳುತ್ತಾರೆ. ಯಾವ ಆಪ್‌ನಲ್ಲಿ ಸರಿಯಾಗುತ್ತದೆ?
– ಸಂಗೀತ ಶಿಕ್ಷಕಿ, ಬದಿಯಡ್ಕ

ಉತ್ತರ: ಈ ಯಾವ ಆಪ್‌ನಲ್ಲೂ ಸರಿಯಾಗುವುದಿಲ್ಲ ಟೀಚರೇ. ತಪ್ಪು ಮಕ್ಕಳದ್ದೂ ಅಲ್ಲ, ನಿಮ್ಮದೂ ಅಲ್ಲ. ಧ್ವನಿ ಇಲ್ಲಿಂದ ಸರ್ವರ್‌ಗೆ ಹೋಗಿ ಆ ಕಡೆ ತಲುಪುವಾಗ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ತಡವಾಗುವುದು ಮಾಮೂಲು. ತಾಳ ಸೇರಬೇಕಾದರೆ ಅದು ಸೆಕೆಂಡಿನ ಮೂವತ್ತನೇ ಒಂದು ಭಾಗದ ಒಳಗಿರಬೇಕು. ಮಾತಾಡುವಾಗ ಈ ತಡ ಗೊತ್ತೇ ಆಗುವುದಿಲ್ಲ, ಹಾಡುವಾಗ ಎರಡೂ ಕಡೆಯವರು ಒಬ್ಬರನ್ನೊಬ್ಬರು ಕಾಯುತ್ತಾ ಹಾಡು ನಿಧಾನವಾಗುತ್ತಾ ಹೋಗುತ್ತದೆ. ಪರಿಹಾರ ಏನು ಅಂದರೆ ಒಂದು ಚರಣ ಅವರು ಹಾಡಲಿ, ಆಗ ನಿಮ್ಮ ಮೈಕ್ ಮ್ಯೂಟ್. ಮುಂದಿನದು ನೀವು ಹಾಡಿ, ಅವರದು ಮ್ಯೂಟ್. ಒಂದು ಶಾಲೆ ಎತ್ತಿಕೊಂಡದ್ದನ್ನು ಇನ್ನೊಂದು ಶಾಲೆ ಮುಂದುವರಿಸುವುದು ಕೇಳಲೂ ಚೆನ್ನಾಗಿರುತ್ತದೆ, ಅಲ್ವಾ?

ಇನ್ನೊಂದು ವಿಷಯ. ಈ ಆಪ್‌ಗಳು ಮಾತು ಬಿಟ್ಟು ಉಳಿದದ್ದನ್ನೆಲ್ಲ ಗಲಾಟೆ ಅಂತ ತಿಳಿದು ಅಡಗಿಸುತ್ತವೆ. ಶ್ರುತಿಪೆಟ್ಟಿಗೆ, ತಬಲ, ಚೆಂಡೆ ಎಲ್ಲವೂ ಅದರಲ್ಲಿ ಮಾಯ. ವಾದ್ಯ ಇದ್ದರೆ ನೀವು ಜೂಮ್‌ಗೆ ಹೋಗುವುದು ಒಳ್ಳೆಯದು. ಅದರ ಆಡಿಯೊ ಸೆಟ್ಟಿಂಗ್‌ನಲ್ಲಿ 'ಒರಿಜಿನಲ್ ಸೌಂಡ್' ಅಂತ ಇದೆ. ವಾದ್ಯ ನುಡಿಸುವ ಕಡೆಯವರು ಅದನ್ನು ಆನ್ ಮಾಡಬೇಕು, ಕೇಳುವವರು ಮಾಡಿ ಪ್ರಯೋಜನವಿಲ್ಲ.

ಪ್ರಶ್ನೆ: ನನ್ನ ಮಗಳ ಕ್ಲಾಸಿನಲ್ಲಿ ಹೀಗೆ ವೀಡಿಯೊ ಕರೆ ಮಾಡುತ್ತಾರೆ. ಗುರುತಿಲ್ಲದವರು ಒಳಗೆ ಬರುವುದಿಲ್ಲ ಅಂತ ಏನು ಗ್ಯಾರಂಟಿ? ರೆಕಾರ್ಡ್ ಮಾಡಿ ಎಲ್ಲೋ ಹಾಕಿದರೆ?
– ತಾಯಿ, ಉಪ್ಪಳ

ಉತ್ತರ: ನಿಮ್ಮ ಭಯ ನ್ಯಾಯವಾದದ್ದೇ. 2020ರಲ್ಲಿ ಎಷ್ಟೋ ದೇಶಗಳ ಆನ್‌ಲೈನ್ ಕ್ಲಾಸಿಗೆ ಅಪರಿಚಿತರು ನುಗ್ಗಿದ ಮೇಲೆಯೇ ಜೂಮ್‌ನವರು ಪಾಸ್‌ಕೋಡ್, ಕಾಯುವ ಕೋಣೆ ಎರಡನ್ನೂ ಮೊದಲೇ ಆನ್ ಮಾಡಿ ಕೊಡಲು ಶುರು ಮಾಡಿದ್ದು. ಅದನ್ನು ಆಫ್ ಮಾಡಬಾರದು. ಲಿಂಕ್ ಅತಿಥಿಗೆ ಮಾತ್ರ ಹೋಗಲಿ, ಪಿಟಿಎ ಗ್ರೂಪಿಗೂ ಬೇಡ, ಸ್ಟೇಟಸ್‌ಗಂತೂ ಬೇಡವೇ ಬೇಡ. ಮಕ್ಕಳು ಕ್ಲಾಸಿನಲ್ಲೇ ಕೂತಿರುವುದರಿಂದ ಅವರ ಹೆಸರಿನಲ್ಲಿ ಖಾತೆ ತೆರೆಯಬೇಕಾದ ಅಗತ್ಯವೇ ಇಲ್ಲ, ಟೀಚರ ಖಾತೆ ಸಾಕು. ಅತಿಥಿಯನ್ನು ಒಳಗೆ ಬಿಡುವುದೂ ಟೀಚರೇ.

ರೆಕಾರ್ಡಿಂಗ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಬೇಡ. ಶಾಲೆಗೆ ಬೇಕೇ ಬೇಕು ಅಂತಿದ್ದರೆ ಪೋಷಕರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಲಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆ ಕೂಡ 18 ವರ್ಷದ ಒಳಗಿನವರನ್ನು ಮಕ್ಕಳು ಅಂತಲೇ ನೋಡುತ್ತದೆ. ಅತಿಥಿಗೆ ಮಕ್ಕಳು ಕಾಣಬೇಕು, ನಿಜ. ಅದಕ್ಕೆ ಎಲ್ಲರ ಮುಖ ಹತ್ತಿರದಿಂದ ತೋರಿಸಬೇಕಾಗಿಲ್ಲ, ಇಡೀ ಕ್ಲಾಸು ದೂರದಿಂದ ಕಂಡರೆ ಸಾಕು. ಮುಂದಿನ ಪಿಟಿಎ ಸಭೆಯಲ್ಲಿ ನೀವೇ ಈ ವಿಷಯ ಎತ್ತಿ, ಟೀಚರಿಗೂ ಅದರಿಂದ ಬಲ ಬರುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಅರ್ಧಕ್ಕೆ ನೆಟ್ ಹೋದರೆ?
– ಹೈಸ್ಕೂಲ್ ಶಿಕ್ಷಕ, ಪೆರ್ಲ

ಉತ್ತರ: ಮೊದಲು ನಿಮ್ಮ ವೀಡಿಯೊ ಆಫ್ ಮಾಡಿ, ಅತಿಥಿಯದು ಇರಲಿ. ಅದಕ್ಕೂ ಆಗದಿದ್ದರೆ ಅವರದ್ದನ್ನೂ ಆಫ್ ಮಾಡಿ ಧ್ವನಿಯಲ್ಲೇ ಮುಂದುವರಿಸಿ. ಪೂರ್ತಿ ಕಡಿದರೆ ಮಾಮೂಲಿ ಫೋನ್ ಮಾಡಿ, ಸ್ಪೀಕರ್ ಆನ್ ಮಾಡಿ, ಶಾಲೆಯ ಮೈಕಿನ ಹತ್ತಿರ ಹಿಡಿಯಿರಿ. ಅತಿಥಿಯ ಫೋಟೊ, ತೋರಿಸಬೇಕಾದ ಚಿತ್ರಗಳು ಮೊದಲೇ ಲ್ಯಾಪ್‌ಟಾಪಿನಲ್ಲಿದ್ದರೆ ಪ್ರೊಜೆಕ್ಟರಿನಲ್ಲಿ ಅದನ್ನೇ ಹಾಕಬಹುದು. ಇದನ್ನೆಲ್ಲ ನೀವೊಬ್ಬರೇ ನೋಡಿಕೊಳ್ಳಬೇಡಿ. ನಿಮ್ಮ ಶಾಲೆಯಲ್ಲಿ ಲಿಟಲ್ ಕೈಟ್ಸ್ ಅನ್ನುವ ಮಕ್ಕಳ ಐಟಿ ಕ್ಲಬ್ ಇದ್ದರೆ ಇಬ್ಬರು ಮಕ್ಕಳಿಗೆ ಈ ಕೆಲಸ ವಹಿಸಿಬಿಡಿ, ಒಬ್ಬರು ಲ್ಯಾಪ್‌ಟಾಪಿಗೆ, ಇನ್ನೊಬ್ಬರು ಫೋನಿಗೆ. ನೀವು ಮಕ್ಕಳ ಜೊತೆ ಕೂತು ಅತಿಥಿಯ ಮಾತು ಕೇಳಿ.